ಕೀಲಿ ಕಾಯುವ ಯಂತ್ರ: ಹಾರ್ಡ್‌ವೇರ್ ವ್ಯಾಲೆಟ್‌ನ ಒಳಗು ಮತ್ತು ಬಳಕೆ

ಬಿಟ್‌ಕಾಯಿನ್ ಮೊದಲಾದ ಕ್ರಿಪ್ಟೊಕರೆನ್ಸಿಗಳನ್ನು ಭದ್ರವಾಗಿ ಇಟ್ಟುಕೊಳ್ಳಲು ಬಳಸುವ ಹಾರ್ಡ್‌ವೇರ್ ವ್ಯಾಲೆಟ್ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, ಪುಟ್ಟ ಪರದೆಯುಳ್ಳ ಒಂದು ಎಲೆಕ್ಟ್ರಾನಿಕ್ ಸಾಧನ. ಅದರೊಳಗೆ ನಾಣ್ಯಗಳು ಇರುವುದಿಲ್ಲ. ಯಾವ ವಿಳಾಸದಲ್ಲಿ ಎಷ್ಟು ಮೊತ್ತವಿದೆ ಎಂಬ ವಿವರವೆಲ್ಲ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ನೆಲೆಸಿರುವ ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿ ದಾಖಲಾಗಿರುತ್ತದೆ. ಆ ಪುಸ್ತಕದಲ್ಲಿ ಒಂದು ವಿಳಾಸದಿಂದ ಇನ್ನೊಂದು ವಿಳಾಸಕ್ಕೆ ಹಣ ದಾಟಬೇಕಾದರೆ ಡಿಜಿಟಲ್ ಸಹಿ ಬೇಕಾಗುತ್ತದೆ. ಆ ಸಹಿಯನ್ನು ಹುಟ್ಟಿಸಬಲ್ಲದ್ದು ಖಾಸಗಿ ಕೀಲಿ ಎಂದು ಕರೆಯಲಾಗುವ 256 ಬಿಟ್‌ಗಳ, ಎಂದರೆ ಸೊನ್ನೆ ಅಥವಾ ಒಂದನ್ನು ತುಂಬಿದ 256 ಸ್ಥಾನಗಳ, ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಯನ್ನು ತಿಳಿದವರೆಲ್ಲರೂ ಆ ಹಣದ ಒಡೆಯರೇ ಆಗಿಬಿಡುವುದರಿಂದ, ಅದನ್ನು ಕಾಯುವುದೇ ಈ ಯಂತ್ರದ ಏಕೈಕ ಉದ್ದೇಶ.

ಬ್ಯಾಂಕಿನ ವ್ಯವಹಾರದಲ್ಲಿ ತಪ್ಪಾದರೆ ದೂರು ಕೊಡಲು ಶಾಖೆಯಿದೆ, ಬ್ಯಾಂಕಿಂಗ್ ಲೋಕಪಾಲರಿದ್ದಾರೆ. ಬ್ಲಾಕ್‌ಚೈನ್‌ನಲ್ಲಿ ಒಮ್ಮೆ ದೃಢಪಟ್ಟ ವರ್ಗಾವಣೆಯನ್ನು ಹಿಂದಕ್ಕೆ ಪಡೆಯುವ ಅಧಿಕಾರ ಯಾರಿಗೂ ಇಲ್ಲ. ಕೀಲಿಯನ್ನು ಕ್ರಿಪ್ಟೊ ವಿನಿಮಯ ಕೇಂದ್ರಗಳ ವಶದಲ್ಲಿ ಬಿಟ್ಟವರು 2014ರಲ್ಲಿ ಜಪಾನಿನ ಮೌಂಟ್ ಗಾಕ್ಸ್ ಕುಸಿದಾಗಲೂ, 2024ರ ಜುಲೈನಲ್ಲಿ ಭಾರತದ ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರಿಗೂ ಹೆಚ್ಚು ಮೌಲ್ಯದ ಆಸ್ತಿ ಕಳವಾದಾಗಲೂ ಅಸಹಾಯಕರಾಗಿ ಕಾಯಬೇಕಾಯಿತು. ಕೀಲಿಯನ್ನು ಸ್ವಂತ ಕಂಪ್ಯೂಟರಿನಲ್ಲಿಯೋ ಮೊಬೈಲಿನಲ್ಲಿಯೋ ಇಟ್ಟುಕೊಂಡರೆ, ಅಂತರ್ಜಾಲದ ಮೂಲಕ ನುಸುಳುವ ಕಳ್ಳ ತಂತ್ರಾಂಶಗಳು ಅದನ್ನು ನಕಲು ಮಾಡಿಕೊಂಡು ಹೋಗುವ ಅಪಾಯವಿರುತ್ತದೆ.

ಈ ಎರಡು ಅಪಾಯಗಳಿಗೂ ಉತ್ತರವಾಗಿ ಜೆಕ್ ಗಣರಾಜ್ಯದ ಪ್ರಾಗ್ ನಗರದ ಸತೋಶಿಲ್ಯಾಬ್ಸ್ ಸಂಸ್ಥೆ 2014ರಲ್ಲಿ ಟ್ರೆಜರ್ ಎಂಬ ಸಾಧನವನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷ ಫ್ರಾನ್ಸಿನಲ್ಲಿ ಲೆಜರ್ ಸಂಸ್ಥೆ ಸ್ಥಾಪನೆಯಾಯಿತು. ಇವುಗಳ ಕಾರ್ಯವಿಧಾನದ ಮೂಲತತ್ತ್ವ ಒಂದೇ. ಯಾರಿಗೆ ಎಷ್ಟು ಕಳುಹಿಸಬೇಕು ಎಂಬ ಒಕ್ಕಣೆಯನ್ನು ಕಂಪ್ಯೂಟರು ಸಿದ್ಧಪಡಿಸಿ ಸಾಧನದೊಳಕ್ಕೆ ಕಳುಹಿಸುತ್ತದೆ, ಸಾಧನವು ಕೀಲಿಯನ್ನು ಬಳಸಿ ಒಳಗೇ ಸಹಿ ಹಾಕುತ್ತದೆ, ಸಹಿ ಮಾತ್ರ ಹೊರಬರುತ್ತದೆ. ಅರಮನೆಯ ಒಳಕೋಣೆಗೆ ಹೋದ ಓಲೆ ಮುದ್ರೆ ಹೊತ್ತು ಹೊರಬಂದರೂ ಮುದ್ರೆಯುಂಗುರ ಅರಸನ ಬೆರಳನ್ನು ಬಿಡದಿರುವಂತೆ, ಕೀಲಿಯು ಸಾಧನದ ಗಡಿಯನ್ನು ದಾಟುವುದೇ ಇಲ್ಲ. ಸಹಿಯನ್ನು ನೋಡಿ ಕೀಲಿಯನ್ನು ಲೆಕ್ಕ ಹಾಕಿ ತೆಗೆಯುವುದು ಇಂದಿನ ಕಂಪ್ಯೂಟರುಗಳಿಗೆ ಅಸಾಧ್ಯವಾದ್ದರಿಂದ, ಸೋಂಕು ತಗುಲಿದ ಕಂಪ್ಯೂಟರಿಗೆ ಜೋಡಿಸಿದಾಗಲೂ ಕೀಲಿ ಗುಟ್ಟಾಗಿಯೇ ಉಳಿಯುತ್ತದೆ.

ಸಾಧನವನ್ನು ಅಣಿಗೊಳಿಸುವ ಕೆಲಸ ಕೊಳ್ಳುವ ಹಂತದಿಂದಲೇ ಆರಂಭವಾಗುತ್ತದೆ. ಅದನ್ನು ತಯಾರಕರಿಂದ ಇಲ್ಲವೇ ಅವರು ಹೆಸರಿಸಿದ ಮಾರಾಟಗಾರರಿಂದ ಮಾತ್ರ ಕೊಳ್ಳಬೇಕು. ಬಳಸಿದ ಸಾಧನವನ್ನಾಗಲಿ, ಅಪರಿಚಿತರು ಕಳುಹಿಸಿದ್ದನ್ನಾಗಲಿ ಬಳಸಬಾರದು. 2020ರಲ್ಲಿ ಲೆಜರ್ ಸಂಸ್ಥೆಯ ಸುಮಾರು 2,72,000 ಗ್ರಾಹಕರ ಹೆಸರು, ಮನೆ ವಿಳಾಸ ಮತ್ತು ದೂರವಾಣಿ ಸಂಖ್ಯೆಗಳು ಬಯಲಾದ ಬಳಿಕ, ಮರುವರ್ಷ ಅವರಲ್ಲಿ ಕೆಲವರ ಮನೆಗೆ ಅಸಲಿಯಂತೆಯೇ ಕಾಣುವ, ಒಳಗೆ ತಿದ್ದಿದ ನಕಲಿ ಸಾಧನಗಳು ಅಂಚೆಯಲ್ಲಿ ಬಂದವು. ಹೊರಗಿನ ಮುದ್ರೆಯನ್ನು ನಕಲು ಮಾಡಬಹುದು ಎಂಬುದನ್ನು ಅರಿತ ತಯಾರಕರು ಸಾಧನದ ಅಸಲಿತನವನ್ನು ಗಣಿತದಿಂದಲೇ ಪರೀಕ್ಷಿಸುವ ಏರ್ಪಾಡು ಮಾಡಿದ್ದಾರೆ: ತಯಾರಕರ ಅಧಿಕೃತ ತಂತ್ರಾಂಶವು ಸಾಧನಕ್ಕೆ ಜೋಡಣೆಯಾದಾಗ ಅಸಲಿ ಚಿಪ್ ಮಾತ್ರ ಕೊಡಬಲ್ಲ ಉತ್ತರವನ್ನು ಕೇಳುತ್ತದೆ, ಇಲ್ಲವೇ ಸಾಧನದ ಒಳತಂತ್ರಾಂಶವಾದ ಫರ್ಮ್‌ವೇರ್‌ನ ಮೇಲೆ ತಯಾರಕರ ಸಹಿ ಇದೆಯೇ ಎಂಬುದನ್ನು ಸಾಧನವೇ ತಾಳೆ ನೋಡುತ್ತದೆ. ಈ ಪರೀಕ್ಷೆ ಮುಗಿಯುವವರೆಗೆ ಮುಂದಿನ ಹೆಜ್ಜೆ ಇಡಬಾರದು.

ಅಣಿಗೊಳಿಸುವಿಕೆಯ ಹೃದಯಭಾಗವಿರುವುದು ಇದರ ನಂತರದ ಹಂತದಲ್ಲಿ. ಸಾಧನವು ತನ್ನ ಚಿಪ್‌ನೊಳಗೆ ಯಾರೂ ಊಹಿಸಲಾಗದ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಹುಟ್ಟಿಸಿ, ಅದನ್ನು ಮನುಷ್ಯರು ಬರೆದಿಟ್ಟುಕೊಳ್ಳಬಹುದಾದ ಪದಗಳ ಸಾಲಾಗಿ ಪರದೆಯ ಮೇಲೆ ತೋರಿಸುತ್ತದೆ. ಬಿಪ್ 39 ಎಂಬ ಹೆಸರಿನಲ್ಲಿ 2013ರಲ್ಲಿ ರೂಪುಗೊಂಡ ಈ ಪದ್ಧತಿಯ ಪದಪಟ್ಟಿಯಲ್ಲಿ 2048 ಪದಗಳಿವೆ. 2048 ಎಂಬುದು ಎರಡರ ಹನ್ನೊಂದನೆಯ ಘಾತವಾದ್ದರಿಂದ ಪ್ರತಿ ಪದವೂ 11 ಬಿಟ್‌ಗಳನ್ನು ಹೊರುತ್ತದೆ. 256 ಬಿಟ್‌ಗಳ ಸಂಖ್ಯೆಗೆ 8 ಬಿಟ್‌ಗಳ ತಾಳೆಸಂಖ್ಯೆಯನ್ನು ಸೇರಿಸಿದರೆ 264 ಬಿಟ್‌ಗಳಾಗಿ, ಅವು ಸರಿಯಾಗಿ 24 ಪದಗಳಾಗುತ್ತವೆ. 128 ಬಿಟ್‌ಗಳ ಸಂಖ್ಯೆಗೆ 4 ಬಿಟ್‌ಗಳನ್ನು ಸೇರಿಸಿದರೆ 12 ಪದಗಳಾಗುತ್ತವೆ. ಪದವೊಂದನ್ನು ತಪ್ಪಾಗಿ ನಮೂದಿಸಿದಾಗ ಬಹುಪಾಲು ಸಂದರ್ಭಗಳಲ್ಲಿ ಸಾಧನ ಅದನ್ನು ಹಿಡಿದುಬಿಡುವುದು ಈ ತಾಳೆಸಂಖ್ಯೆಯ ಬಲದಿಂದ. ಈ ಒಂದೇ ಪದಸಾಲಿನಿಂದ ಎಲ್ಲ ಖಾಸಗಿ ಕೀಲಿಗಳೂ ನಿಯಮಬದ್ಧವಾಗಿ ಕವಲೊಡೆಯುವುದರಿಂದ, ಸಾಧನ ಕಳೆದುಹೋದರೂ ಸುಟ್ಟುಹೋದರೂ ಪದಗಳನ್ನು ಹೊಸ ಸಾಧನಕ್ಕೆ ಊಡಿಸಿ ಹಣವನ್ನು ಮರಳಿ ಪಡೆಯಬಹುದು. ಪದಗಳು ಪರರ ಕೈಸೇರಿದರೆ ಸಾಧನ ತಿಜೋರಿಯಲ್ಲಿದ್ದರೂ ಹಣ ಉಳಿಯದು ಎಂಬುದು ಇದರ ಮತ್ತೊಂದು ಮುಖ.

ಆದ್ದರಿಂದ ಪದಗಳನ್ನು ಕಾಗದದ ಮೇಲೆ ಅನುಕ್ರಮವಾಗಿ ಕೈಯಿಂದ ಬರೆಯಬೇಕು. ಬೆಂಕಿ ಮತ್ತು ನೀರಿನಿಂದ ರಕ್ಷಣೆ ಬೇಕಾದವರು ಉಕ್ಕಿನ ತಗಡಿನ ಮೇಲೆ ಕೊರೆದಿಡುತ್ತಾರೆ. ಅವುಗಳ ಚಿತ್ರ ತೆಗೆಯುವುದು, ವಾಟ್ಸ್‌ಆ್ಯಪ್ ಅಥವಾ ಇ-ಮೇಲ್‌ನಲ್ಲಿ ತನಗೆ ತಾನೇ ಕಳುಹಿಸಿಕೊಳ್ಳುವುದು, ಕಂಪ್ಯೂಟರಿನಲ್ಲಿ ಟೈಪು ಮಾಡಿಡುವುದು, ಇವೆಲ್ಲವೂ ಸಾಧನವನ್ನು ಕೊಂಡ ಉದ್ದೇಶವನ್ನೇ ಅಳಿಸಿಹಾಕುತ್ತವೆ. ಈ ಪದ್ಧತಿಯ ಅಂಗೀಕೃತ ಪಟ್ಟಿಗಳು ಇಂಗ್ಲಿಷ್, ಜಪಾನಿ, ಸ್ಪ್ಯಾನಿಷ್ ಮುಂತಾದ ಭಾಷೆಗಳಲ್ಲಿದ್ದು, ಕನ್ನಡವಾಗಲಿ ಭಾರತದ ಬೇರೆ ನುಡಿಗಳಾಗಲಿ ಅವುಗಳಲ್ಲಿ ಸೇರಿಲ್ಲ. ಇಂಗ್ಲಿಷ್ ಪಟ್ಟಿಯಲ್ಲಿ ಮೊದಲ ನಾಲ್ಕು ಅಕ್ಷರಗಳಿಂದಲೇ ಪ್ರತಿ ಪದವನ್ನು ಗುರುತಿಸಬಹುದಾದ್ದರಿಂದ, ಕನ್ನಡಿಗರು ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದಿಡದೆ ಇಂಗ್ಲಿಷ್ ಕಾಗುಣಿತವನ್ನೇ ಬಿಡಿ ಅಕ್ಷರಗಳಲ್ಲಿ ಸ್ಪಷ್ಟವಾಗಿ ಬರೆಯುವುದು ಅಗತ್ಯ. ಪೆಟ್ಟಿಗೆಯೊಳಗೆ ಮೊದಲೇ ಮುದ್ರಿಸಿದ ಪದಗಳಿದ್ದರೆ ಅದು ನಿಸ್ಸಂದೇಹವಾಗಿ ಮೋಸ. ಯಾವ ತಯಾರಕರೂ ಗ್ರಾಹಕರ ಪದಗಳನ್ನು ಫೋನಿನಲ್ಲಾಗಲಿ ಪತ್ರದಲ್ಲಾಗಲಿ ಕೇಳುವುದಿಲ್ಲ.

ಸಾಧನವು ಕಳ್ಳರ ಕೈಗೆ ಸಿಕ್ಕಾಗ ಅಡ್ಡ ನಿಲ್ಲುವುದು ಪಿನ್. ಲೆಜರ್ ಸಾಧನಗಳು ಮೂರು ಬಾರಿ ತಪ್ಪು ಪಿನ್ ಒತ್ತಿದರೆ ಒಳಗಿನ ಕೀಲಿಗಳನ್ನು ಅಳಿಸಿಹಾಕುತ್ತವೆ. ಆದರೂ 2020ರಲ್ಲಿ ಕ್ರಾಕೆನ್ ಎಂಬ ಕ್ರಿಪ್ಟೊ ವಿನಿಮಯ ಸಂಸ್ಥೆಯ ಸಂಶೋಧಕರು, ಆಗಿನ ಎರಡು ಟ್ರೆಜರ್ ಮಾದರಿಗಳ ಸಾಮಾನ್ಯ ಚಿಪ್‌ಗೆ ಕ್ಷಣಮಾತ್ರ ವಿದ್ಯುತ್ತಿನ ಏರುಪೇರು ಉಂಟುಮಾಡಿ, ಸಾಧನ ಕೈಯಲ್ಲಿದ್ದರೆ ಸುಮಾರು ಹದಿನೈದು ನಿಮಿಷಗಳಲ್ಲಿ ಪದಸಾಲಿನ ಮೂಲಸಂಖ್ಯೆಯನ್ನು ಹೊರತೆಗೆಯಬಹುದು ಎಂದು ತೋರಿಸಿದರು. ಇಂಥ ದಾಳಿಗಳನ್ನು ತಡೆಯಲೆಂದೇ ಬ್ಯಾಂಕ್ ಕಾರ್ಡುಗಳಲ್ಲಿ ಬಳಸುವ ಸೆಕ್ಯೂರ್ ಎಲಿಮೆಂಟ್ ಎಂಬ ವಿಶೇಷ ಚಿಪ್‌ಗಳನ್ನು ಅನೇಕ ಸಾಧನಗಳು ಬಳಸುತ್ತವೆ. ಇನ್ನೊಂದು ಪರಿಹಾರ ಪಾಸ್‌ಫ್ರೇಸ್, ಎಂದರೆ ಪದಸಾಲಿನ ಜೊತೆಗೆ ಒಡೆಯರು ತಾವೇ ಆರಿಸಿ ಸೇರಿಸುವ ಗುಟ್ಟಿನ ನುಡಿ. ಅದನ್ನು ಸಾಧನದೊಳಗೆ ಉಳಿಸದೆ ಪ್ರತಿ ಬಾರಿಯೂ ನಮೂದಿಸುವವರ ವಿಷಯದಲ್ಲಿ ಚಿಪ್ಪನ್ನು ಭೇದಿಸಿದವರಿಗೂ ಅದು ಸಿಗದು. ಆದರೆ ಪಾಸ್‌ಫ್ರೇಸ್‌ನಲ್ಲಿ ಒಂದಕ್ಷರ ತಪ್ಪಾದರೂ ಸಾಧನ ದೋಷವನ್ನು ಸೂಚಿಸದೆ ಬೇರೊಂದು ಖಾಲಿ ವ್ಯಾಲೆಟ್ಟನ್ನು ತೆರೆಯುತ್ತದೆ ಮತ್ತು ಅದನ್ನು ಮರೆತವರಿಗೆ ಹಣ ಶಾಶ್ವತವಾಗಿ ಕೈತಪ್ಪುತ್ತದೆ.

ಕೀಲಿ ಎಷ್ಟೇ ಭದ್ರವಾಗಿದ್ದರೂ ಯಾವುದಕ್ಕೆ ಸಹಿ ಬೀಳುತ್ತಿದೆ ಎಂಬುದನ್ನು ನಿರ್ಧರಿಸುವವರು ಮನುಷ್ಯರೇ. ನಕಲಿಸಿದ ವಿಳಾಸವನ್ನು ಅಂಟಿಸುವಷ್ಟರಲ್ಲಿ ಕಳ್ಳರ ವಿಳಾಸಕ್ಕೆ ಬದಲಿಸುವ ತಂತ್ರಾಂಶಗಳಿರುವುದರಿಂದ, ಕಂಪ್ಯೂಟರಿನ ಪರದೆಯನ್ನು ನಂಬದೆ ಸಾಧನದ ಪುಟ್ಟ ಪರದೆಯಲ್ಲಿ ವಿಳಾಸವನ್ನು ಆದಿಯಿಂದ ಅಂತ್ಯದವರೆಗೆ, ಮೊತ್ತದ ಸಮೇತ, ಓದಿ ಒಪ್ಪಿಗೆ ಕೊಡಬೇಕು. 2025ರ ಫೆಬ್ರವರಿಯಲ್ಲಿ ಬೈಬಿಟ್ ಎಂಬ ವಿನಿಮಯ ಕೇಂದ್ರದಿಂದ ಸುಮಾರು 150 ಕೋಟಿ ಡಾಲರ್ ಮೌಲ್ಯದ ಈಥರ್ ಎಂಬ ಕ್ರಿಪ್ಟೊಕರೆನ್ಸಿ ಕಳವಾದಾಗ ಯಾವ ಕೀಲಿಯೂ ಸೋರಿರಲಿಲ್ಲ. ಆ ಕೇಂದ್ರದ ಸಹಿದಾರರ ಮುಂದಿದ್ದ ಜಾಲಪುಟವನ್ನು ತಿದ್ದಿ ಎಂದಿನ ವರ್ಗಾವಣೆಯಂತೆ ತೋರಿಸಲಾಗಿತ್ತು, ಅವರು ತಮ್ಮ ಹಾರ್ಡ್‌ವೇರ್ ವ್ಯಾಲೆಟ್‌ಗಳಲ್ಲಿ ಒಳಾರ್ಥವನ್ನು ಪರಿಶೀಲಿಸದೆ ಒಪ್ಪಿಗೆ ನೀಡಿದರು. ಅತ್ಯುತ್ತಮ ಯಂತ್ರವೂ ಕೀಲಿಯನ್ನಷ್ಟೇ ಕಾಯಬಲ್ಲದು, ವಿವೇಚನೆಯನ್ನು ಕಾಯಲಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಭಾರತದಲ್ಲಿ ಕ್ರಿಪ್ಟೊಕರೆನ್ಸಿಗೆ ಕಾನೂನುಬದ್ಧ ಚಲಾವಣೆಯ ಮಾನ್ಯತೆಯಿಲ್ಲ. 2022ರಿಂದ ಅದರ ಲಾಭದ ಮೇಲೆ ಶೇ. 30ರ ತೆರಿಗೆಯಿದೆ, ಕೀಲಿಯನ್ನು ಸ್ವಂತ ಸಾಧನದಲ್ಲಿ ಇಟ್ಟುಕೊಂಡ ಮಾತ್ರಕ್ಕೆ ಆ ಹೊಣೆ ತಪ್ಪುವುದಿಲ್ಲ. ಕೊಳ್ಳಬೇಕೇ ಬೇಡವೇ ಎಂಬುದು ಅವರವರ ನಿರ್ಧಾರ. ಕೊಂಡವರು ಮಾತ್ರ ಮೊದಲು ಅತಿ ಸಣ್ಣ ಮೊತ್ತವೊಂದನ್ನು ವರ್ಗಾಯಿಸಿ, ಸಾಧನವನ್ನು ಬೇಕೆಂದೇ ಪೂರ್ತಿ ಅಳಿಸಿ, ಬರೆದಿಟ್ಟ ಪದಗಳಿಂದ ಆ ಮೊತ್ತ ಮರಳಿ ಬರುತ್ತದೆಯೇ ಎಂದು ಪರೀಕ್ಷಿಸಬೇಕು. ತಮ್ಮ ನಂತರ ಆ ಪದಗಳು ವಾರಸುದಾರರಿಗೆ ಸಿಗುವ ವ್ಯವಸ್ಥೆಯನ್ನೂ ಮಾಡಿಡಬೇಕು. ಈ ಎರಡು ಕೆಲಸಗಳು ಮುಗಿಯುವ ತನಕ ದೊಡ್ಡ ಮೊತ್ತವನ್ನು ಯಾವ ಹಾರ್ಡ್‌ವೇರ್ ವ್ಯಾಲೆಟ್‌ಗೂ ವರ್ಗಾಯಿಸಬಾರದು.