ಗಂಡಭೇರುಂಡವೂ ಮಕ್ಕಳ ಕಥೆಗಳೂ

ಬೆಂಗಳೂರಿನಿಂದ ಮೈಸೂರಿಗೆ ಓಡುವ ಸರ್ಕಾರಿ ಬಸ್ಸಿನ ಮೈಮೇಲೆ ಎರಡು ತಲೆಯ ಹಕ್ಕಿಯೊಂದುಂಟು. ರಾಮನಗರ, ಚನ್ನಪಟ್ಟಣಗಳ ಬಾಲಕರು ದಿನವೂ ಅದನ್ನು ಕಾಣುವರು. ರಾಜ್ಯದ ಲಾಂಛನದಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯದ ಮುದ್ರೆಯಲ್ಲಿಯೂ ಅದೇ ಪಕ್ಷಿ. ಆದರೆ ಅದು ಏನನ್ನು ತಿನ್ನುವುದು, ಅದಕ್ಕೆ ಎರಡು ತಲೆಗಳೇತಕ್ಕೆ ಎಂದು ಕೇಳಿದರೆ ಉತ್ತರ ಕೊಡಬಲ್ಲ ಬಾಲಕನು ದುರ್ಲಭ. ಬೆಂಕಿಯುಗುಳುವ ಡ್ರ್ಯಾಗನ್ನಿನ ಜಾತಿಭೇದಗಳನ್ನಾದರೋ ಅದೇ ಬಾಲಕನು ನಿರರ್ಗಳವಾಗಿ ಒಪ್ಪಿಸುವನು.

ಇದು ಬಾಲಕನ ದೋಷವಲ್ಲ. ಡ್ರ್ಯಾಗನ್ನಿನ ಮೇಲೆಯೂ ನಮಗೆ ವೈರವಿಲ್ಲ. 1937ರಲ್ಲಿ ‘ಹಾಬಿಟ್’ ಕಥೆಯನ್ನು ಪ್ರಕಟಿಸಿದ ಟೋಲ್ಕಿನ್ನರು ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದವರು. ತಮ್ಮ ನುಡಿಯ ಹಳೆಯ ಕಾವ್ಯವಾದ ‘ಬೇವುಲ್ಫ್’ನಲ್ಲಿ ನಿಧಿ ಕಾಯುತ್ತಿದ್ದ ಘಟಸರ್ಪವನ್ನು ಅವರು ಎಬ್ಬಿಸಿ ಹೊಸ ಕಥೆಯೊಳಕ್ಕೆ ಕರೆತಂದರು. ನಿಧಿಯಿಂದ ಒಂದು ಬಟ್ಟಲು ಕಳುವಾಗಿ ಸರ್ಪವು ಕೆರಳುವ ಪ್ರಸಂಗವು ಎರಡರಲ್ಲಿಯೂ ಇದೆ. ನಮ್ಮ ಲೇಖಕರು ಅವರಿಂದ ಕಲಿಯಬೇಕಾದುದು ಈ ಕ್ರಮವನ್ನು; ತರುತ್ತಿರುವುದು ಸರ್ಪವನ್ನು ಮಾತ್ರ.

ಸಾಮಗ್ರಿಯ ಅಭಾವವೆಂದು ಹೇಳುವಂತಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಒಂದು ಶಿಲ್ಪವಿದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ. ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ. ಇದೆಲ್ಲವನ್ನೂ ಕಂಡು ಬೆರಗಾದ ಋಷಿಯೊಬ್ಬನು ಅಲ್ಲಿದ್ದಾನೆ. ಗಂಡಭೇರುಂಡವನ್ನು ಹಿಡಿಯುವವರಾರು? ಶಿಲ್ಪಿಯು ಹೇಳಿಲ್ಲ. ಒಂದು ಕಾದಂಬರಿಯ ಬೀಜವು 800ಕ್ಕೂ ಹೆಚ್ಚು ವರ್ಷಗಳಿಂದ ಅಲ್ಲಿ ಮೊಳೆಯದೆ ಬಿದ್ದಿದೆ. ಬಳ್ಳಿಗಾವಿಯಲ್ಲಿ 1047ರ ಭೇರುಂಡಸ್ತಂಭವಿದೆ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಈ ಪಕ್ಷಿಯು ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಎತ್ತಿಕೊಂಡು ಹಾರುತ್ತಿದೆ. ಪಂಚತಂತ್ರದಲ್ಲಿಯೂ ಇಂತಹುದೇ ಪಕ್ಷಿಯೊಂದುಂಟು. ಅದಕ್ಕೆ ಬಾಯಿ ಎರಡು, ಹೊಟ್ಟೆ ಒಂದು. ಒಂದು ಬಾಯಿಗೆ ಅಮೃತಸಮಾನವಾದ ಹಣ್ಣು ಸಿಕ್ಕಿತು. ಮತ್ತೊಂದಕ್ಕೆ ಪಾಲು ಕೊಡಲಿಲ್ಲ. ಆ ಮತ್ತೊಂದು ಬಾಯಿ ಮುನಿದು ವಿಷದ ಹಣ್ಣನ್ನು ತಿಂದಿತು. ಅಣ್ಣತಮ್ಮಂದಿರ ವ್ಯಾಜ್ಯಗಳನ್ನು ಕಂಡಿರುವ ನಮ್ಮ ವಾಚಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ದೂರಕ್ಕೆ ಹೋಗುವುದೇಕೆ? ರಾಮನಗರದ ರಾಮದೇವರಬೆಟ್ಟಕ್ಕೆ ಕಾಕಾಸುರನ ಸ್ಥಳಪುರಾಣವಿದೆ. ರಾಮಾಯಣದಲ್ಲಿ ಕಾಗೆಯ ರೂಪದಿಂದ ಬಂದು ಸೀತೆಯನ್ನು ಕುಕ್ಕಿದವನನ್ನು ರಾಮನ ಹುಲ್ಲುಕಡ್ಡಿಯ ಅಸ್ತ್ರವು ಮೂರು ಲೋಕಗಳಲ್ಲಿಯೂ ಅಟ್ಟಿತು. ಎಲ್ಲಿಯೂ ಆಶ್ರಯ ಕಾಣದೆ ಅವನು ಹಿಂದಿರುಗಿ ಶರಣಾದನು, ಒಂದು ಕಣ್ಣನ್ನು ತೆತ್ತು ಪ್ರಾಣ ಉಳಿಸಿಕೊಂಡನು. ಆ ಓಟದ ಕಥೆಯನ್ನು ಕಾಗೆಯ ಬಾಯಿಂದಲೇ ಹೇಳಿಸಿದರೆ ಹೇಗಿದ್ದೀತು! ಅದೇ ಬೆಟ್ಟದ ಬಂಡೆಗಳಲ್ಲಿ ಜಟಾಯುವಿನ ಬಳಗವೆನ್ನಬಹುದಾದ ಉದ್ದಕೊಕ್ಕಿನ ರಣಹದ್ದುಗಳಿಗೆ ಮನೆಯಿದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ಹೊಟ್ಟೆ ಸೇರಿ, ಮೂತ್ರಪಿಂಡಗಳು ಕೆಟ್ಟು, ದೇಶದಲ್ಲೆಲ್ಲ ರಣಹದ್ದುಗಳು ನಾಶವಾದುವು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಆ ಔಷಧವನ್ನು ನಿಷೇಧಿಸಲಾಯಿತು. 2012ರಲ್ಲಿ ಈ ಬೆಟ್ಟದ ಸುಮಾರು 346 ಹೆಕ್ಟೇರು ರಣಹದ್ದುಗಳ ಧಾಮವಾಯಿತು. ಆದರೂ ಬೆಟ್ಟಕ್ಕೆ ಬರುವ ಪ್ರವಾಸಿಗಳಲ್ಲಿ ಹಲವರು ಕೇಳುವುದು 1975ರ ‘ಶೋಲೆ’ ಚಿತ್ರದ ಗಬ್ಬರ್ ಸಿಂಗನ ಬಂಡೆ ಯಾವುದೆಂದು. ಕಲ್ಪಿತ ದರೋಡೆಕೋರನಿಗೆ ದೊರೆತ ಪ್ರಖ್ಯಾತಿ ಜಟಾಯುವಿಗೆ ದೊರೆಯಲಿಲ್ಲ.

ಕನಕಪುರದ ಸೀಮೆಯಲ್ಲಿ ಕಾವೇರಿಯನ್ನು ಜಿಗಿದ ಮೇಕೆಯಿದೆ. ಮೇಕೆದಾಟು ಎಂಬ ಹೆಸರೇ ಕಥೆಯ ಮೊದಲ ವಾಕ್ಯ. ಮಾಗಡಿಯವರಿಗೆ ಸಾವನದುರ್ಗದ ಹೆಬ್ಬಂಡೆಯುಂಟು. ಅದರಡಿ ಯಾವ ಮೃಗವು ಮಲಗಿದೆಯೆಂಬುದನ್ನು ಅವರೇ ಹೇಳಲಿ. ಹಳೆಯ ಮೈಸೂರಿನ ಜಾತ್ರೆಗಳಲ್ಲಿ ಗ್ರಾಮದೇವತೆಯ ಕಾವಲಿಗೆ ಕುಣಿಯುವ ಸೋಮನ ಕೆಂಪು ಮೊಗವನ್ನು ಇರುಳಿನಲ್ಲಿ ಕಂಡ ಮಗುವಿಗೆ ಪರದೇಶದ ರಾಕ್ಷಸನು ಬೇಕಾಗನು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವು ಇಂತಹ ಸಾಮಗ್ರಿಯನ್ನು ಕೂಡಿಟ್ಟಿದೆ. ಲೇಖಕರು ಅಲ್ಲಿಗೆ ಒಂದು ದಿನ ಹೋಗಿಬರಬಹುದಷ್ಟೆ.

ಚನ್ನಪಟ್ಟಣದ ಗೊಂಬೆಯವರಿಗೂ ಇದರಿಂದ ಅನ್ನವುಂಟು. ಆಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನೊತ್ತಿದರೆ ಉಜ್ಜಿದ ಕಾವಿಗೆ ಅರಗು ಕರಗಿ ಬಣ್ಣವೇರುವುದು. ಭೇರುಂಡದ ಎರಡು ತಲೆಗಳನ್ನು ಬೇರೆ ಬೇರೆ ಕಡೆದು ಒಂದೇ ಒಡಲಿಗೆ ಕೂಡಿಸುವುದು ಆ ಕೈಗಳಿಗೆ ಕಷ್ಟವಲ್ಲ. ಆದರೆ ಕಥೆ ತಿಳಿಯದ ಮಗುವು ಆ ಗೊಂಬೆಯನ್ನು ಬೇಡುವುದೆಂತು?

ಈ ನಾಲ್ಕು ಊರುಗಳ ಉಪಾಧ್ಯಾಯರೂ ತರುಣ ಲೇಖಕರೂ ಇಂತಹ ಕಥೆಗಳನ್ನು ಬರೆದರೆ ನಮ್ಮ ಭಾನುವಾರದ ಸಂಚಿಕೆಯಲ್ಲಿ ಎರಡು ಅಂಕಣಗಳ ಸ್ಥಳವನ್ನು ತೆಗೆದಿರಿಸುವೆವು. ಹಾಳೆಯ ಒಂದೇ ಮಗ್ಗುಲಲ್ಲಿ ಬರೆದಿರಬೇಕು.