ಫೋನು ಮಗನ ಕೈಯಾಗ, ಬ್ಯಾನಿ ಅಪ್ಪನ ಮೈಯಾಗ!

ಚಿಕ್ಕೋಡಿ: ಕ್ಯಾನ್ಸರ್ ಬಂತೆಂದರೆ ಈ ಭಾಗದವರಿಗೆ ದಾರಿ ಎಂದರೆ ಬೆಳಗಾವಿ, ಮಿರಜ ಇಲ್ಲವೆ ಕೊಲ್ಲಾಪುರ. ಅದಕ್ಕೂ ಮೇಲಾದರೆ ಬೆಂಗಳೂರಿನ ಕಿದ್ವಾಯಿ, ಮುಂಬಯಿಯ ಟಾಟಾ. ನಿಪ್ಪಾಣಿಯೋ ತಂಬಾಕಿನ ಪೇಟೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ತಂಬಾಕೇ ದೊಡ್ಡ ಕಾರಣವೆಂಬುದು ಎಲ್ಲರಿಗೂ ಗೊತ್ತಿದ್ದ ಮಾತು.

ಹಿಂದೆ ಒಂದು ಸಣ್ಣ ಸಂಶಯ ಕೇಳಬೇಕಾದರೂ ಬಸ್ ಚಾರ್ಜು, ಒಂದು ದಿನದ ಪಗಾರ ಎರಡೂ ಹೋಗುತ್ತಿದ್ದವು. 2020ರ ಮಾರ್ಚ್ 25ರಂದು ಕೇಂದ್ರ ಸರಕಾರ ನಿಯಮ ಹೊರಡಿಸಿ, ವೈದ್ಯರು ಫೋನು, ವಿಡಿಯೋ, ವಾಟ್ಸಾಪ್ ಮೂಲಕವೂ ಸಲಹೆ ಕೊಡಬಹುದೆಂದಿತು. ಸರಕಾರದ ಇ-ಸಂಜೀವನಿಯಲ್ಲಂತೂ ಸಲಹೆ ಪುಕ್ಕಟೆ. ಇದು ಬಡವರಿಗೆ ದೊಡ್ಡ ಅನುಕೂಲವೇ ಸರಿ.

ಆದರೆ ತೊಡಕು ಬೇರೆ ಕಡೆಗಿದೆ. ಮೊಬೈಲ್ ಇರುವುದು ಮಗನ ಹತ್ತಿರ. "ಅಪ್ಪನ ಮುಂದ ಕ್ಯಾನ್ಸರ್ ಅನಬ್ಯಾಡ್ರಿ ಸಾಹೇಬ್ರ" ಎಂದು ಆತ ಮೊದಲೇ ವಾಟ್ಸಾಪಿನಲ್ಲಿ ತಿಳಿಸಿಬಿಡುತ್ತಾನೆ. ಪ್ರೀತಿಯಿಂದಲೇ, ಅಪ್ಪ ಧೈರ್ಯಗೆಟ್ಟಾನೆಂಬ ಅಂಜಿಕೆಯಿಂದಲೇ. ನೋವು ಎಷ್ಟಿದೆ ಎಂಬುದನ್ನು ವೈದ್ಯರು ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ಕೇಳುವುದುಂಟು. ಉತ್ತರ ಕೊಡುವವನು ಮಗ. "ಸುಮಾರ ಐತ್ರಿ, ನಾಕು ಅನ್ರಿ." ಒಳಗೆ ಹಾಸಿಗೆಯಲ್ಲಿ ನರಳುವ ಅಪ್ಪನನ್ನು ಕೇಳಿದರೆ ಎಂಟು ಎಂದಾನು! ನಾಕಕ್ಕೆ ಬರೆದ ಗುಳಿಗೆ ಎಂಟರ ನೋವಿಗೆ ಹತ್ತೀತೇ? ಅಪ್ಪನೇನು ಕೂಸಲ್ಲ. ಎಲ್ಲರ ಮಾರಿ ನೋಡಿಯೇ ಅರ್ಧ ತಿಳಿದಿರುತ್ತಾನೆ. ಉಳಿದರ್ಧ ಕೇಳಲು ಯಾರೂ ಸಿಗುವುದಿಲ್ಲ.

ಫೋನಿಗೂ ಒಂದು ಮಿತಿ ಇದೆ. ಎರಡು ಮೂರು ವಾರವಾದರೂ ಮಾಯದ ಬಾಯಿಹುಣ್ಣಿಗೆ ಫೋಟೋ ಕಳಿಸಿ ಕೂತರೆ ಆಗದು. ಚೂರು ತೆಗೆದು ಪರೀಕ್ಷೆ ಮಾಡಿದರೇ ಕ್ಯಾನ್ಸರ್ ಹೌದೋ ಅಲ್ಲವೋ ಖಚಿತವಾಗುವುದು. ಕಿಮೋ ಕೊಟ್ಟ ಮೇಲೆ ಜ್ವರ 100.4 ಡಿಗ್ರಿ ದಾಟಿತೆಂದರೆ ಮೆಸೇಜಿನ ಉತ್ತರಕ್ಕೆ ಕಾಯದೆ ಆಸ್ಪತ್ರೆಗೆ ಓಡಬೇಕು. ಕಡುನೋವಿಗೆ ಕೊಡುವ ಮಾರ್ಫಿನ್ನನ್ನು ಫೋನಿನಲ್ಲಿ ಬರೆದುಕೊಡಲು 2020ರ ನಿಯಮ ಒಪ್ಪಲಿಲ್ಲ. ಅಂದರೆ ನೋವು ಹೆಚ್ಚಿದ್ದವನೇ ಬಸ್ಸು ಹತ್ತಬೇಕು!

ಮಕ್ಕಳು ಇಷ್ಟಾದರೂ ಮಾಡಲಿ. ಗುಳಿಗೆಗಳ ಹೆಸರು, ಕೇಳಬೇಕಾದ ಪ್ರಶ್ನೆ ಮೊದಲೇ ಚೀಟಿಯಲ್ಲಿ ಬರೆದಿಡಲಿ. ವೈದ್ಯರು ವಿಡಿಯೋದಲ್ಲಿ ಬಂದಾಗ ಫೋನನ್ನು ಅಪ್ಪನ ಕಡೆ ತಿರುಗಿಸಿ, "ನೀನ ಹೇಳಪಾ" ಎನ್ನಲಿ. ವೈದ್ಯರೂ "ರೋಗಿ ಎಲ್ಲಿದ್ದಾರ?" ಎಂದು ಮೊದಲು ಕೇಳಲಿ.

ಗಡಿಭಾಗದ ಮುದುಕರಿಗೆ ಇಂಗ್ಲಿಷ್ ರಿಪೋರ್ಟು ತಿಳಿಯದು. ಕನ್ನಡ, ಮರಾಠಿ ಎರಡರಲ್ಲೂ ಬಿಡಿಸಿ ಹೇಳುವವರೊಬ್ಬರು ಪ್ರತಿ ಆರೋಗ್ಯ ಕೇಂದ್ರದಲ್ಲಿ ಇದ್ದರೆ ಎಷ್ಟೋ ಮನೆಗಳ ಭಾರ ಇಳಿದೀತು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?