ನಾಯಿಮರಿ ತರುವ ಮುನ್ನ ಮನೆ ಸಿದ್ಧವಾಗಿರಲಿ

ಸಂತೆಬಾಚಹಳ್ಳಿ: ಕೃಷ್ಣರಾಜಪೇಟೆ ತಾಲ್ಲೂಕಿನ ಈ ಹೋಬಳಿಯಲ್ಲಾಗಲಿ, ನೆರೆಯ ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಊರುಗಳಲ್ಲಾಗಲಿ, ನಾಯಿ ಸಾಕುವುದು ಹೊಸ ಸಂಗತಿಯಲ್ಲ. ತೋಟದ ಮನೆಯ ಕಾವಲಿಗೆ, ಕುರಿಕೊಟ್ಟಿಗೆಯ ರಕ್ಷಣೆಗೆ, ರಾತ್ರಿ ಪಂಪ್‌ಸೆಟ್ ಬಳಿಗೆ ಹೋಗುವ ರೈತನ ಜೊತೆಗೆ ನಾಯಿ ಇರಲೇಬೇಕು. ಆದರೆ ಮರಿಯನ್ನು ಮನೆಗೆ ತರುವಾಗ ಮಾಡಿಕೊಳ್ಳಬೇಕಾದ ಸಿದ್ಧತೆಯ ಬಗ್ಗೆ ಯೋಚಿಸುವವರು ಕಡಿಮೆ. ಪರಿಣಾಮವಾಗಿ ಎಷ್ಟೋ ಮರಿಗಳು ಮೂರು ತಿಂಗಳು ತುಂಬುವುದರೊಳಗೆ ರಕ್ತಭೇದಿಯಿಂದ ಸಾಯುತ್ತವೆ. ಉಳಿದವುಗಳಲ್ಲಿ ಕೆಲವು ಮನೆಯೊಳಗೆ ಗಲೀಜು ಮಾಡುತ್ತವೆ ಎಂಬ ಕಾರಣಕ್ಕೆ ಬೀದಿ ಪಾಲಾಗುತ್ತವೆ. ಲಸಿಕೆ ಕಾಣದ ನಾಯಿಯಿಂದ ಮನೆಯ ಮಕ್ಕಳ ಪ್ರಾಣಕ್ಕೇ ಅಪಾಯವಿದೆ ಎಂಬುದು ಎಲ್ಲಕ್ಕಿಂತ ಗಂಭೀರವಾದ ವಿಷಯ.

ನಾಯಿಗೆ ಕಲ್ಲು ನೆಟ್ಟ ಜಿಲ್ಲೆ

ಮಂಡ್ಯ ಜಿಲ್ಲೆಗೂ ನಾಯಿಗೂ ಸಾವಿರ ವರ್ಷ ದಾಟಿದ ನಂಟಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ವೀರಗಲ್ಲು ಇದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಒಡೆಯನು ಮೆಚ್ಚಿ ಏನು ಬೇಕೆಂದು ಕೇಳಿದಾಗ, ಆತ ಬೇಡಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಕಾಡುಹಂದಿಯೊಡನೆ ಹೋರಾಡಿ ಹಂದಿಯನ್ನೂ ಕೊಂದು ತಾನೂ ಮಡಿದ ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಡಲಾಯಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯನ್ನು ಇಷ್ಟೊಂದು ಗೌರವಿಸಿದ ನೆಲದಲ್ಲಿ ಅದರ ಪಾಲನೆಯ ಸರಳ ನಿಯಮಗಳು ಅಪರಿಚಿತವಾಗಿ ಉಳಿಯಬಾರದು.

ಯಾವ ವಯಸ್ಸಿನ ಮರಿ?

ಕಣ್ಣು ಬಿಟ್ಟ ಕೂಡಲೇ ಮರಿಯನ್ನು ತಾಯಿಯಿಂದ ಬಿಡಿಸಿ ತರುವ ರೂಢಿ ಹಲವೆಡೆ ಇದೆ. ಇದು ತಪ್ಪು. ಮರಿಗೆ ಕನಿಷ್ಠ ಎಂಟು ವಾರ ತುಂಬಿರಬೇಕು. ಕೇಂದ್ರ ಸರ್ಕಾರ 2017ರಲ್ಲಿ ರೂಪಿಸಿದ ನಾಯಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ಮಾರುವಂತಿಲ್ಲ. ತಾಯಿಯ ಹಾಲಿನಿಂದ ಮರಿಗೆ ರೋಗನಿರೋಧಕ ಶಕ್ತಿ ದೊರೆಯುತ್ತದೆ. ಒಡಹುಟ್ಟಿದ ಮರಿಗಳೊಂದಿಗೆ ಆಡುವಾಗ ಎಷ್ಟು ಬಲವಾಗಿ ಕಚ್ಚಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅದು ಕಲಿಯುತ್ತದೆ. ಈ ಪಾಠ ತಪ್ಪಿದ ನಾಯಿ ಮುಂದೆ ಮಕ್ಕಳ ಕೈಗೆ ಹಲ್ಲು ಹಾಕುವ ಸಂಭವ ಹೆಚ್ಚು.

ಊರ ನಾಯಿಯ ಮರಿ ನಮ್ಮ ಹವೆಗೆ ಹೊಂದಿಕೊಂಡಿರುತ್ತದೆ, ಖರ್ಚೂ ಕಡಿಮೆ. ದಟ್ಟ ಕೂದಲಿನ ವಿದೇಶಿ ತಳಿಗಳಿಗೆ ಬಯಲುಸೀಮೆಯ ಬೇಸಿಗೆ ಹಿಂಸೆಯೇ ಸರಿ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರಾಂತ ಬೇಟೆನಾಯಿಯೂ ಓಡಾಟಕ್ಕೆ ವಿಶಾಲ ಜಾಗವಿದ್ದವರಿಗೆ ಮಾತ್ರ ಸೂಕ್ತ.

ತರುವ ಹಿಂದಿನ ದಿನದ ಕೆಲಸ

ಮರಿ ನೆಲದಲ್ಲಿ ಸಿಕ್ಕಿದ್ದೆಲ್ಲವನ್ನೂ ಬಾಯಿಗೆ ಹಾಕುತ್ತದೆ. ಆದ್ದರಿಂದ ಇಲಿ ಪಾಷಾಣ, ಭತ್ತ-ಕಬ್ಬಿಗೆ ಬಳಸುವ ಕೀಟನಾಶಕದ ಡಬ್ಬಿ, ಹರಳು ಔಷಧದ ಪೊಟ್ಟಣ, ಫಿನಾಯಿಲ್ ಸೀಸೆ ಇವೆಲ್ಲವೂ ಎತ್ತರದ ಅಟ್ಟ ಸೇರಬೇಕು. ನೆಲಮಟ್ಟದ ನೀರಿನ ತೊಟ್ಟಿಗೆ ಮುಚ್ಚಳ ಬೇಕು. ಕೆಳಗೆ ಜೋತುಬಿದ್ದ ವಿದ್ಯುತ್ ತಂತಿಯನ್ನು ಸರಿಪಡಿಸಬೇಕು.

ಮಲಗಲು ರಟ್ಟಿನ ಪೆಟ್ಟಿಗೆ ಅಥವಾ ಬಿದಿರ ಕುಕ್ಕೆ, ಒಳಗೆ ಒಗೆದ ಗೋಣಿಚೀಲ ಅಥವಾ ಹಳೆಯ ಸೀರೆ ಸಾಕು. ತಾಯಿನಾಯಿ ಮಲಗಿದ್ದ ಬಟ್ಟೆಯ ತುಂಡೊಂದನ್ನು ಜೊತೆಗೆ ತಂದಿಟ್ಟರೆ ಆ ವಾಸನೆಯಿಂದ ಮರಿಗೆ ನೆಮ್ಮದಿ. ಮೊದಲ ಎರಡು ಮೂರು ರಾತ್ರಿ ಅದು ಅಳುವುದು ಸಹಜ. ಹೊರಗೆ ಒಂಟಿಯಾಗಿ ಕಟ್ಟಿಹಾಕದೆ, ಮನೆಯವರು ಮಲಗುವ ಕಡೆಯೇ ಪೆಟ್ಟಿಗೆ ಇಡುವುದು ಲೇಸು. ಕಬ್ಬಿನ ಗದ್ದೆಯ ಆಸರೆಯಲ್ಲಿ ಓಡಾಡುವ ಚಿರತೆಗೆ ನಾಯಿಯೇ ಸುಲಭದ ಬೇಟೆ. ಸರಪಳಿಯಲ್ಲಿ ಕಟ್ಟಿದ ನಾಯಿ ಓಡಿ ಪಾರಾಗಲೂ ಆಗದು. ಆದ್ದರಿಂದ ಬೆಳೆದ ನಾಯಿಗೂ ರಾತ್ರಿ ಬಾಗಿಲಿರುವ ಭದ್ರ ಜಾಗ ಅತ್ಯಗತ್ಯ.

ಶೌಚದ ಪಾಠ: ಹೊಡೆತ ಬೇಡ, ಹೊತ್ತು ನೋಡಿ

ಮನೆಯೊಳಗೆ ಮಲಮೂತ್ರ ಮಾಡದಂತೆ ಮರಿಯನ್ನು ಪಳಗಿಸುವುದು ಕಷ್ಟದ ಕೆಲಸವಲ್ಲ. ಆದರೆ ತಾಳ್ಮೆ ಬೇಕು. ಎರಡು ತಿಂಗಳ ಮರಿಗೆ ಮೂತ್ರ ತಡೆದುಕೊಳ್ಳುವ ಶಕ್ತಿಯೇ ಬಹಳ ಕಡಿಮೆ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿದರೆ, ಹೆಚ್ಚೆಂದರೆ ಅಷ್ಟು ಗಂಟೆ ಅದು ತಡೆದುಕೊಳ್ಳಬಲ್ಲದು ಎಂಬುದು ಒಂದು ಸ್ಥೂಲ ಲೆಕ್ಕ. ಎಚ್ಚರವಾಗಿ ಆಡುವಾಗ ಅಷ್ಟೂ ಸಾಧ್ಯವಾಗದು.

ಹಿತ್ತಿಲಿನಲ್ಲಿ ಒಂದು ಜಾಗವನ್ನು ಮೊದಲೇ ಗೊತ್ತುಮಾಡಬೇಕು. ತೆಂಗಿನ ಮರದ ಬುಡವೋ ಬೇಲಿಯ ಮೂಲೆಯೋ ಆದೀತು. ಮರಿ ಬೆಳಿಗ್ಗೆ ಎದ್ದ ಕೂಡಲೇ, ಪ್ರತಿ ಸಲ ಉಂಡ ಕಾಲು ಗಂಟೆಯೊಳಗೆ, ಆಟ ಮುಗಿದ ಬಳಿಕ, ಹಗಲು ನಿದ್ದೆಯಿಂದ ಎದ್ದಾಗ ಮತ್ತು ರಾತ್ರಿ ಮಲಗುವ ಮುನ್ನ ಅದೇ ಜಾಗಕ್ಕೆ ಕರೆದೊಯ್ಯಬೇಕು. ಉಳಿದಂತೆ ಹಗಲಿನಲ್ಲಿ ಗಂಟೆ, ಎರಡು ಗಂಟೆಗೊಮ್ಮೆ. ಆರಂಭದಲ್ಲಿ ನಡುರಾತ್ರಿ ಒಮ್ಮೆ ಏಳಲೇಬೇಕಾಗುತ್ತದೆ. ಅಲ್ಲಿ ಆಟವಾಡಿಸದೆ ಸುಮ್ಮನೆ ನಿಂತು ಕಾಯಬೇಕು. ಕೆಲಸ ಮುಗಿಸಿದ ಕ್ಷಣವೇ ತಲೆ ಸವರಿ, ಚಿಕ್ಕ ತಿನಿಸು ಕೊಡಬೇಕು. ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಯಾವುದಕ್ಕೆ ಬಹುಮಾನ ಸಿಕ್ಕಿತು ಎಂಬುದು ಮರಿಗೆ ತಿಳಿಯುವುದಿಲ್ಲ.

ನೆಲ ಮೂಸುತ್ತಾ ಸುತ್ತು ಹಾಕುವುದು, ಆಟ ಬಿಟ್ಟು ಮೂಲೆಯತ್ತ ಸರಿಯುವುದು ಇವು ಸೂಚನೆಗಳು. ಕಂಡೊಡನೆ ಎತ್ತಿಕೊಂಡು ಹೊರಗೆ ಒಯ್ಯಬೇಕು. ಕಣ್ಣಿಡಲು ಸಾಧ್ಯವಿಲ್ಲದ ಹೊತ್ತಿನಲ್ಲಿ ಇಡೀ ಮನೆ ಸುತ್ತಲು ಬಿಡದೆ ಒಂದು ಪಡಸಾಲೆಗೆ ಮಿತಿಗೊಳಿಸುವುದು ಜಾಣತನ.

ಮರಿಯ ಮೂತಿಯನ್ನು ಗಲೀಜಿಗೆ ಉಜ್ಜಿ ಹೊಡೆಯುವ ಹಳೆಯ ಪದ್ಧತಿಯಿಂದ ಯಾವ ಪ್ರಯೋಜನವೂ ಇಲ್ಲ. ಆಗಿಹೋದ ಕೃತ್ಯಕ್ಕೂ ಈಗಿನ ಏಟಿಗೂ ಮರಿ ಸಂಬಂಧ ಕಲ್ಪಿಸಲಾರದು. ಮನುಷ್ಯರ ಕಣ್ಣೆದುರು ಮಾಡಿದರೆ ಏಟು ಬೀಳುತ್ತದೆ ಎಂದಷ್ಟೇ ತಿಳಿದು, ಮಂಚದ ಕೆಳಗೋ ಭತ್ತದ ಮೂಟೆಯ ಹಿಂದೆಯೋ ಮಾಡತೊಡಗುತ್ತದೆ. ಗಲೀಜಾದ ಜಾಗವನ್ನು ಮೊದಲು ಒರೆಸಿ, ಸೋಪು ನೀರಿನಿಂದ ತೊಳೆದು, ಅಡುಗೆ ಸೋಡಾ ಉದುರಿಸಿ ಒಣಗಿಸಬೇಕು. ವಾಸನೆ ಉಳಿದರೆ ಮರಿ ಮತ್ತೆ ಅಲ್ಲಿಗೇ ಬರುತ್ತದೆ. ನಾಲ್ಕರಿಂದ ಆರು ತಿಂಗಳೊಳಗೆ ಬಹುತೇಕ ಮರಿಗಳು ಈ ಶಿಸ್ತಿಗೆ ಒಗ್ಗಿಕೊಳ್ಳುತ್ತವೆ. ಕೆಲವಕ್ಕೆ ವರ್ಷವೇ ಹಿಡಿದೀತು.

ಊಟಕ್ಕೂ ವೇಳಾಪಟ್ಟಿ

ಹೊತ್ತಿಗೆ ಸರಿಯಾಗಿ ಉಣಿಸಿದರೆ ಶೌಚವೂ ಹೊತ್ತಿಗೆ ಸರಿಯಾಗಿ ಆಗುತ್ತದೆ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಊಟ ಸಾಕು. ಕುಡಿಯುವ ನೀರು ಸದಾ ಇರಬೇಕು. ಮುದ್ದೆ, ಅನ್ನ ಹೊಟ್ಟೆ ತುಂಬಿಸುತ್ತವೆಯೇ ಹೊರತು ಬೆಳೆಯುವ ಮರಿಗೆ ಅಷ್ಟೇ ಸಾಲದು. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಬೇಯಿಸಿದ ಮಾಂಸ, ಮೊಸರು ಜೊತೆಗೆ ಬೇಕು. ಹಸುವಿನ ಹಾಲು ಹಲವು ಮರಿಗಳಿಗೆ ಭೇದಿ ತರುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಬೆಂದ ಕೋಳಿಮೂಳೆ ಸೀಳಿ ಕರುಳಿಗೆ ಚುಚ್ಚಬಲ್ಲದು.

ಕುರಿ ಕೊಯ್ದಾಗ ಹಸಿ ಶ್ವಾಸಕೋಶ, ಯಕೃತ್ತುಗಳನ್ನು ನಾಯಿಗೆ ಎಸೆಯುವ ಅಭ್ಯಾಸವನ್ನಂತೂ ಕೈಬಿಡಲೇಬೇಕು. ಅವುಗಳಲ್ಲಿನ ನೀರುಗುಳ್ಳೆಗಳಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆಗಳು ಮಲದ ಮೂಲಕ ಮನುಷ್ಯರ ದೇಹ ಸೇರಿ ಯಕೃತ್ತಿನಲ್ಲಿ ಹೈಡಾಟಿಡ್ ಗಡ್ಡೆ ಕಟ್ಟುತ್ತವೆ.

ಲಸಿಕೆ: ತಪ್ಪಿಸಬಾರದ ದಿನಗಳು

ಮರಿಗೆ ಎರಡು ವಾರದಿಂದ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಪಶುವೈದ್ಯರು ತೂಕ ನೋಡಿ ಹೇಳಿದ ಪ್ರಮಾಣದಲ್ಲಿ ಜಂತುನಾಶಕ ಕೊಡಬೇಕು. ಪಾರ್ವೊ, ಡಿಸ್ಟೆಂಪರ್ ಮೊದಲಾದ ರೋಗಗಳ ವಿರುದ್ಧದ ಮೊದಲ ಲಸಿಕೆಗೆ ಆರರಿಂದ ಎಂಟನೆಯ ವಾರ ಸೂಕ್ತ. ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಗಳ ಅಂತರದಲ್ಲಿ ಮರುಲಸಿಕೆ ಬೇಕು. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಹಿಂದಿನ ಮರಿ ರಕ್ತಭೇದಿಯಿಂದ ಸತ್ತ ಮನೆಗೆ ಲಸಿಕೆಯಾಗದ ಹೊಸ ಮರಿ ತರುವುದೆಂದರೆ ಸಾವನ್ನೇ ಮತ್ತೆ ಕರೆದಂತೆ. ಲಸಿಕೆ ಪೂರ್ತಿಯಾಗುವವರೆಗೆ ಮರಿಯನ್ನು ಸಂತೆ, ರಸ್ತೆಗಳಲ್ಲಿ ನಡೆಸದೆ ಎತ್ತಿಕೊಂಡೇ ಸುತ್ತಿಸಿ, ಜನರನ್ನೂ ಶಬ್ದಗಳನ್ನೂ ಪರಿಚಯಿಸಬಹುದು.

ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆ ಬಳಿಕ ಪಶುವೈದ್ಯರ ಸಲಹೆಯಂತೆ ಮರುಲಸಿಕೆ ಮತ್ತು ಪ್ರತಿವರ್ಷ ತಪ್ಪದೆ ಒಂದು ಚುಚ್ಚುಮದ್ದು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ಗೆ ಚಿಕಿತ್ಸೆಯಿಲ್ಲ, ಸಾವು ಬಹುತೇಕ ಖಚಿತ. ಮರಿಯೇ ಆಗಲಿ, ಸಾಕಿದ್ದೇ ಆಗಲಿ, ಹಲ್ಲು ತಾಗಿ ಚರ್ಮ ಗೀರಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಖಾರದ ಪುಡಿ ಹಚ್ಚುವುದು ಅಪಾಯಕಾರಿ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಭಯಕ್ಕೆ ಈಗ ಆಧಾರವಿಲ್ಲ. ಆ ಹಳೆಯ ಲಸಿಕೆ ಬಳಕೆಯಿಂದ ಹೋಗಿ ಎರಡು ದಶಕಗಳಾಗಿವೆ. ಈಗ ಚರ್ಮದೊಳಗೆ ನೀಡುವ ಲಸಿಕೆಯನ್ನು ತೋಳಿಗೆ ಮೊದಲ ದಿನ, ನಂತರ 3, 7 ಮತ್ತು 28ನೆಯ ದಿನ ಹಾಕಲಾಗುತ್ತದೆ. ಗಾಯ ಆಳವಾಗಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಮದ್ದೂ ಬೇಕು.

ಹೆಣ್ಣುಮರಿ ಎಂದು ಬಿಸಾಡಬೇಡಿ

ಹೆಣ್ಣುಮರಿಗಳನ್ನು ಚೀಲದಲ್ಲಿ ಕಟ್ಟಿ ನಾಲೆಯ ಏರಿಯ ಮೇಲೆ, ಸಂತೆಮಾಳದಲ್ಲಿ ಬಿಟ್ಟುಬರುವುದು ಕ್ರೌರ್ಯ ಮಾತ್ರವಲ್ಲ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಕಾವಲಿನಲ್ಲಿ ಹೆಣ್ಣುನಾಯಿ ಗಂಡಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಸುಮಾರು ಆರು ತಿಂಗಳ ವಯಸ್ಸಿಗೆ ಪಶುವೈದ್ಯರ ಸಲಹೆ ಪಡೆದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಸಮಸ್ಯೆಯೇ ಇರದು. ಸಾಕುನಾಯಿಯ ಜಂತುನಾಶಕ, ಲಸಿಕೆ ಮತ್ತು ಸಂತಾನಹರಣದ ಹೊಣೆ ಮಾಲೀಕನದೇ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ.

ಮರಿ ಒಂದು ದಿನ ಊಟ ಬಿಟ್ಟು ಮಂಕಾಗಿ, ವಾಂತಿ ಅಥವಾ ರಕ್ತಮಿಶ್ರಿತ ಭೇದಿ ಮಾಡತೊಡಗಿದರೆ ನಾಟಿ ಔಷಧ ನಂಬಿ ಕಾಯಬಾರದು. ಸಮೀಪದ ಪಶು ಆಸ್ಪತ್ರೆಗೆ ಅಂದೇ ಒಯ್ಯಬೇಕು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಮರಿಯ ಲಸಿಕೆಯ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಹಸುವಿಗೆ ಲಸಿಕೆ ಹಾಕಿಸುವ ದಿನವನ್ನು ನೆನಪಿಡುವ ರೈತ ಕುಟುಂಬಕ್ಕೆ ಇದು ಹೆಚ್ಚಿನ ಹೊರೆಯೇನಲ್ಲ.